ನೆಪೆಂಥಿಸ್ ರಾಜಾ ತರಿಸಿಕೊಂಡೆ: ಗಿಡಕ್ಕೆ ನಾಲ್ಕು ಸ್ಟಾರ್, ಮಾರಿದವರಿಗೆ ಎರಡು

ಆನ್‌ಲೈನಿನಲ್ಲಿ ಹುಳು ಹಿಡಿದು ತಿನ್ನುವ ಹೂಜಿ ಗಿಡ ನೆಪೆಂಥಿಸ್ ರಾಜಾ ಮಾರುವವರು ಹಾಕುವ ಫೋಟೊ ಎಲ್ಲಾ ಕಡೆ ಒಂದೇ ಥರ. ದೊಡ್ಡ ಕೆಂಪು ಹೂಜಿ (ಎಲೆಯಿಂದ ಬೆಳೆಯುವ, ಹುಳು ಬೀಳುವ ಪಾತ್ರೆ), ಪಕ್ಕದಲ್ಲಿ ಯಾರದೋ ಕೈ. ನನಗೆ ಬಂದ ಇಡೀ ಗಿಡ ಅಂಗೈಯಲ್ಲಿ ಕೂರುತ್ತಿತ್ತು. ಹೂಜಿಗಳು ಹೆಬ್ಬೆರಳಿನ ಉಗುರಿಗಿಂತ ಚಿಕ್ಕವು. ಇದರಲ್ಲಿ ಮೋಸವೇನಿಲ್ಲ, ಟಿಶ್ಯೂ ಕಲ್ಚರ್ ಸಸಿ, ಅಂದರೆ ಲ್ಯಾಬಿನಲ್ಲಿ ಗಿಡದ ಚೂರಿನಿಂದ ಬೆಳೆಸಿದ ಸಸಿ, ಇರೋದೇ ಇಷ್ಟು. ಆದರೆ ಅಳತೆ ಎಷ್ಟು ಅಂತ ಒಂದು ಸಾಲು ಬರೆಯೋಕೆ ಏನು ಕಷ್ಟ?

ಪ್ಯಾಕಿಂಗ್ ಬಗ್ಗೆ ತಕರಾರಿಲ್ಲ. ಬೇರಿಗೆ ಒದ್ದೆ ಸ್ಫ್ಯಾಗ್ನಮ್ ಪಾಚಿ ಸುತ್ತಿದ್ದರು, ಒಂದು ಎಲೆಯೂ ಮುರಿದಿರಲಿಲ್ಲ. ಬಂದ ಮೇಲೆ ಹಳೆಯ ಹೂಜಿಗಳು ಒಣಗಿದವು. ಪಾರ್ಸೆಲ್‌ನಲ್ಲಿ ಬಂದ ಹೂಜಿ ಗಿಡಗಳಿಗೆ ಇದು ಮಾಮೂಲು, ಅದಕ್ಕೆ ಗಾಬರಿಯಾಗಿ ರಿಟರ್ನ್ ಕೇಳಬೇಡಿ. ಹೊಸ ಎಲೆ ಹೇಗೆ ಬರುತ್ತದೆ ಅನ್ನೋದನ್ನು ನೋಡಿ.

ನನಗೆ ಸಿಟ್ಟು ಬಂದಿದ್ದು ಜೊತೆಗಿದ್ದ ಚೀಟಿ ನೋಡಿ. 'ಉಷ್ಣವಲಯದ ಗಿಡ, ಬೆಚ್ಚಗಿಡಿ' ಅಂತ ಅದರಲ್ಲಿತ್ತು. ಈ ಗಿಡ ಕಾಡಿನಲ್ಲಿ ಇರೋದು ಬೋರ್ನಿಯೊದ ಕಿನಬಾಲು ಮತ್ತು ತಂಬುಯುಕೊನ್ ಬೆಟ್ಟಗಳಲ್ಲಿ ಮಾತ್ರ, ಅದೂ ಸುಮಾರು 1500ರಿಂದ 2650 ಮೀಟರ್ ಎತ್ತರದಲ್ಲಿ. ಉಷ್ಣವಲಯ ನಿಜ, ಆದರೆ ರಾತ್ರಿ ಚಳಿ ಹಿಡಿಯುವ ಜಾಗ. ಹಗಲು 25 ಡಿಗ್ರಿ ಆಸುಪಾಸು ಇದ್ದರೆ ಸಾಕು. ರಾತ್ರಿ 15ಕ್ಕಿಂತ ಕೆಳಗಿಳಿದರೆ ಗಿಡ ಖುಷಿಯಾಗಿರುತ್ತದೆ. ರಾತ್ರಿಯೂ ಸೆಕೆಯಲ್ಲೇ ಇಟ್ಟರೆ ದಿನೇ ದಿನೇ ಸೊರಗುತ್ತದೆ. ನಾನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಸಂಜೆ ಫ್ರೀಜರಿನಿಂದ ತೆಗೆದ ನೀರಿನ ಬಾಟಲಿಗಳನ್ನು ಪಕ್ಕದಲ್ಲಿ ನಿಲ್ಲಿಸುತ್ತೇನೆ. ಪ್ರತಿದಿನ! ಈ ಚಾಕರಿ ಆಗಲ್ಲ ಅಂದರೆ ಈ ಗಿಡ ಬೇಡವೇ ಬೇಡ. ಮಾರುವ ಪುಟದಲ್ಲಿ ದಪ್ಪಕ್ಷರದಲ್ಲಿ ಇರಬೇಕಾದ ಮಾತು ಇದೇ.

ಗೊಬ್ಬರದ ಪೊಟ್ಟಣವನ್ನೂ ಕೊಟ್ಟಿದ್ದರು, 'ಮಣ್ಣಿಗೆ ಹಾಕಿ' ಅಂತ. ಅದನ್ನು ಬೇರೆ ಗಿಡಕ್ಕೆ ಬಳಸಿ. ಈ ಗಿಡದ ಊಟ ಇಳಿಯೋದು ಹೂಜಿಯಿಂದ. ಕಾಡಿನಲ್ಲಿ ಟ್ರೀ ಶ್ರೂ ಅನ್ನುವ ಅಳಿಲಿನಂಥ ಪ್ರಾಣಿ ಹೂಜಿಯ ಮೇಲೆ ಕೂತು ಮುಚ್ಚಳದ ಅಡಿಯ ಸಿಹಿ ರಸ ನೆಕ್ಕುತ್ತದೆ, ಹಾಗೇ ಅದರೊಳಗೆ ಹಿಕ್ಕೆ ಹಾಕುತ್ತದೆ. ಗಿಡಕ್ಕೆ ಅದರಿಂದಲೂ ಸಾರಜನಕ ಸಿಗುತ್ತದೆ. ಹೂಜಿಯಲ್ಲ, ಕಮೋಡು ಅನ್ನಬೇಕು! ಮನೆಯಲ್ಲಿ ನಾನು ಮೀನಿಗೆ ಹಾಕುವ ಒಣಗಿದ ಬ್ಲಡ್‌ವರ್ಮ್ ಒಂದು ಚೂರು ನೆನೆಸಿ, ತೆರೆದ ಹೂಜಿಯೊಳಗೆ ಬಿಡುತ್ತೇನೆ. ಜಾಸ್ತಿ ಹಾಕಿದರೆ ಹೂಜಿ ಕೊಳೆಯುತ್ತದೆ. ಕುಂಡದಲ್ಲಿ ಪಾಚಿ ಮತ್ತು ಪರ್ಲೈಟ್ ಅನ್ನುವ ಹಗುರ ಬಿಳಿ ಹರಳು, ನೀರು ಮಳೆಯದ್ದು ಅಥವಾ ಆರ್‌ಒದ್ದು. ತಟ್ಟೆಯಲ್ಲಿ ನೀರು ನಿಲ್ಲಬಾರದು.

ಇನ್ನು ಬೆಳೆಯುವ ವೇಗ. ವೇಗ ಅನ್ನೋದೇ ತಪ್ಪೇನೋ. ಒಳ್ಳೆ ಆರೈಕೆ ಇದ್ದರೂ ಬೀಜದಿಂದ ಹೂವಿನವರೆಗೆ ಹತ್ತು ವರ್ಷದ ಲೆಕ್ಕ ಹೇಳುತ್ತಾರೆ. ಹಾಗಂತ ನೋಡೋಕೆ ಏನೂ ಇಲ್ಲ ಅಂತಲ್ಲ. ಬೇರೆ ಹೆಚ್ಚಿನ ನೆಪೆಂಥಿಸ್ ಗಿಡಗಳಲ್ಲಿ ಹೂಜಿ ಹೊರುವ ಬಳ್ಳಿ ಎಲೆಯ ತುದಿಯಿಂದ ಹೊರಡುತ್ತದೆ. ಬಲಿತ ರಾಜಾದಲ್ಲಿ ತುದಿಗಿಂತ ಸ್ವಲ್ಪ ಹಿಂದೆ, ಎಲೆಯ ಅಡಿಯಿಂದ ಹೊರಡುತ್ತದೆ. ನನ್ನ ಗಿಡದ ಈಚಿನ ಎಲೆಯಲ್ಲಿ ಅದು ಕಾಣಿಸಿಕೊಂಡಿದೆ. ಎಲೆ ಮಗುಚಿ ನೋಡಿದರೆ ತುದಿಯ ಅಂಚು ಬಳ್ಳಿಯನ್ನು ದಾಟಿ ಕೂದಲೆಳೆಯಷ್ಟು ಮುಂದಕ್ಕೆ ಚಾಚಿದೆ. ಬಳ್ಳಿಯ ತುದಿಯ ಹೂಜಿ ಮೊಗ್ಗು ಕಂದು ರೋಮ ಹೊದ್ದು, ಚಪ್ಪಟೆಯಾಗಿದ್ದದ್ದು ಈಗ ಉಬ್ಬುತ್ತಿದೆ. ಇದನ್ನು ನೋಡೋಕೆ ಭೂತಗನ್ನಡಿ ಬೇಕು, ಅದನ್ನು ಅವರು ಕೊಟ್ಟಿರಲಿಲ್ಲ ಬಿಡಿ.

ಕೊಳ್ಳುವವರು ಬೀಜದ ಪೊಟ್ಟಣಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ನೆಪೆಂಥಿಸ್ ಬೀಜ ಬೇಗ ಸತ್ತುಹೋಗುತ್ತದೆ, ರಾಜಾ ಬೀಜ ಅಂತ ಮಾರುವುದರಲ್ಲಿ ನಕಲಿಯೇ ಜಾಸ್ತಿ. ಕಾಡಿನಿಂದ ಕಿತ್ತು ತಂದ ಗಿಡವಂತೂ ಬೇಡ. ಅಳಿವಿನಂಚಿನ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ, ಅತಿ ಬಿಗಿಯಾದ ಅನುಬಂಧದಲ್ಲಿರುವ ಗಿಡ ಇದು. ಲ್ಯಾಬಿನಲ್ಲಿ ಬೆಳೆಸಿದ್ದು ಅನ್ನೋದಕ್ಕೆ ಕಾಗದ ಕೇಳಿ. ನನಗೆ ಕೇಳಿದ ಮೇಲೆ ಕೊಟ್ಟರು, ಅದಕ್ಕೇ ಎರಡನೇ ಸ್ಟಾರ್.

ಇದು ಮೊದಲ ಹೂಜಿ ಗಿಡ ಆಗೋದು ಬೇಡ. ಮೊದಲು ವೆಂಟ್ರಾಟಾ ಅನ್ನುವ ಮಿಶ್ರತಳಿ ಹೂಜಿ ಗಿಡ ತಗೊಳ್ಳಿ. ಬೆಚ್ಚಗಿದ್ದರೂ ತಡೆಯುತ್ತದೆ, ಬೇಗ ಬೆಳೆಯುತ್ತದೆ, ಬಾಟಲಿ ಹೊರುವ ಕೆಲಸ ಇಲ್ಲ.