‘ರಿಪ್ಲೇಸ್’ ಅಂದ ಮಾತ್ರಕ್ಕೆ ಹಳೇ ಫಂಕ್ಷನ್ ಹೋಯ್ತು ಅಂದ್ಕೋಬೇಡಿ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ರಾಶಿ ರಾಶಿ ಫಂಕ್ಷನ್ (ಹೆಸರಿಟ್ಟು ಉಳಿಸಿದ ಕೋಡ್) ಇಟ್ಟುಕೊಂಡಿರೋರು ದಯವಿಟ್ಟು ಓದಿ. ನಾವು ಪಟ್ಟ ಪಾಡು ನಿಮಗೆ ಬೇಡ.

ನಮ್ಮಲ್ಲಿ ಸುಮಾರು 400 ಫಂಕ್ಷನ್ ಇದ್ದವು, ಎಲ್ಲಾ ‘ಪಬ್ಲಿಕ್’ ಅನ್ನೋ ಒಂದೇ ಸ್ಕೀಮಾದಲ್ಲೇ (ಸ್ಕೀಮಾ ಅಂದ್ರೆ ಡೇಟಾಬೇಸ್ ಒಳಗಿನ ಫೋಲ್ಡರ್ ಥರ). ಕೋಡ್ ಬದಲಾವಣೆಗಳ ಇತಿಹಾಸ ಇಡೋ ಗಿಟ್‌ನಲ್ಲಿ ಒಂದೂ ಇರಲಿಲ್ಲ. ಯಾರಿಗೆ ಏನು ಬೇಕೋ ನೇರ ಡೇಟಾಬೇಸ್‌ನಲ್ಲೇ ತಿದ್ದಿ ರನ್ ಮಾಡ್ತಿದ್ದರು, ನಾನೂ ಸೇರಿ.

ಬಡ್ಡಿ ಲೆಕ್ಕದ ಫಂಕ್ಷನ್‌ಗೆ ಎರಡು ಆರ್ಗ್ಯುಮೆಂಟ್ (ಕರೆಯುವಾಗ ಕೊಡೋ ಬೆಲೆ): ಖಾತೆ ಸಂಖ್ಯೆ, ತಾರೀಕು. ರೌಂಡ್ ಮಾಡೋ ಕಡೆ ತಪ್ಪಿತ್ತು. ಅದನ್ನ ಸರಿಪಡಿಸುತ್ತಲೇ ಡೀಫಾಲ್ಟ್ ಬೆಲೆ (ಕೊಡದಿದ್ದರೆ ತಾನೇ ಬರೋ ಬೆಲೆ) ಇರೋ ಮೂರನೇ ಆರ್ಗ್ಯುಮೆಂಟ್ ಒಂದನ್ನೂ ಸೇರಿಸಿ, ಫಂಕ್ಷನ್ ಇಲ್ಲದಿದ್ದರೆ ಹುಟ್ಟಿಸೋ, ಇದ್ದರೆ ಬದಲಿಸೋ ‘ಕ್ರಿಯೇಟ್ ಆರ್ ರಿಪ್ಲೇಸ್’ ಓಡಿಸಿದೆ. ಎರರ್ ಬರಲಿಲ್ಲ. ಮೂರೂ ಕೊಟ್ಟು ಪರೀಕ್ಷೆ ಮಾಡಿದೆ, ಉತ್ತರ ಸರಿಯಿತ್ತು.

ಆದರೆ ಆರ್ಗ್ಯುಮೆಂಟ್ ಪಟ್ಟಿ ಬದಲಾದರೆ ಪೋಸ್ಟ್‌ಗ್ರೆಸ್ ಹಳೇದನ್ನ ಮುಟ್ಟೋದೇ ಇಲ್ಲ, ಅದೇ ಹೆಸರಲ್ಲಿ ಇನ್ನೊಂದನ್ನ ಹುಟ್ಟಿಸುತ್ತೆ. ಎರಡೇ ಕೊಟ್ಟು ಕರೆದರೆ, ಡೀಫಾಲ್ಟ್ ಬೇಕಿಲ್ಲದ ಹಳೇದಕ್ಕೇ ಆದ್ಯತೆ. ನಮ್ಮ ಅಪ್ಲಿಕೇಶನ್ ಎಲ್ಲೆಡೆ ಎರಡೇ ಕೊಡ್ತಿತ್ತು! ಮೂರು ವಾರ ತಪ್ಪು ಬಡ್ಡಿಯೇ ಟೇಬಲ್‌ಗೆ ಬಿತ್ತು. ಪೋಸ್ಟ್‌ಗ್ರೆಸ್‌ನ ಕಮಾಂಡ್ ಲೈನ್ ಆದ ಪಿಎಸ್‌ಕ್ಯೂಎಲ್‌ನಲ್ಲಿ, ಫಂಕ್ಷನ್ ಪಟ್ಟಿ ತೋರಿಸೋ ‘\ಡಿಎಫ್’ ಹೊಡೆದಾಗ ಒಂದೇ ಹೆಸರು ಎರಡು ಸಾಲಲ್ಲಿ ಕಂಡು ಎದೆ ಧಸಕ್ಕೆಂದಿತು. ಅಷ್ಟೂ ಖಾತೆಗಳ ಲೆಕ್ಕ ಮತ್ತೆ ಮಾಡಬೇಕಾಯ್ತು.

ಆಮೇಲೆ ಗಾಬರಿಯಲ್ಲಿ ಸ್ವಚ್ಛ ಮಾಡಲು ಹೋಗಿ ಇನ್ನೊಂದು ಎಡವಟ್ಟು. ಯಾರೂ ಬಳಸ್ತಿಲ್ಲ ಅನ್ನಿಸಿದ ಫಂಕ್ಷನ್‌ಗಳನ್ನ ಡ್ರಾಪ್ ಮಾಡಿದೆ (ಅಳಿಸಿದೆ), ಡೇಟಾಬೇಸ್ ತಕರಾರು ಮಾಡಲಿಲ್ಲ. ರಾತ್ರಿಯ ಜಾಬ್ ಬಿದ್ದೋಯ್ತು. ಪಿಎಲ್‌ಪಿಜಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ನ ಫಂಕ್ಷನ್ ಬರೆಯೋ ಭಾಷೆ) ಫಂಕ್ಷನ್‌ನ ಒಡಲು ಡೇಟಾಬೇಸ್‌ಗೆ ಬರೀ ಪಠ್ಯ. ಒಳಗೆ ಯಾರು ಯಾರನ್ನ ಕರೀತಾರೆ ಅಂತ ನೆನಪಿಡಲ್ಲ. 14ನೇ ಆವೃತ್ತಿಯಿಂದ ಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನ ‘ಬಿಗಿನ್ ಅಟಾಮಿಕ್’ ಹಾಕಿ ಬರೆದರೆ, ಅವು ಕರೆಯೋ ಫಂಕ್ಷನ್ ಹೀಗೆ ಡ್ರಾಪ್ ಆಗದಂತೆ ರಕ್ಷಣೆ ಸಿಗುತ್ತೆ, ಪಿಎಲ್‌ಪಿಜಿಎಸ್‌ಕ್ಯೂಎಲ್‌ಗೆ ಇಲ್ಲ.

ಈಗ ಒಂದು ಫಂಕ್ಷನ್‌ಗೆ ಒಂದು ಫೈಲ್, ಎಲ್ಲಾ ಗಿಟ್‌ನಲ್ಲಿ. ಬಡ್ಡಿ, ವರದಿ, ಲಾಗಿನ್ ಅಂತ ಸ್ಕೀಮಾಗಳೂ ಬೇರೆ ಬೇರೆ. ಎಲ್ಲಾ ಫಂಕ್ಷನ್‌ಗಳ ಪಟ್ಟಿ ಇರೋ ‘ಪಿಜಿ_ಪ್ರಾಕ್’ ಟೇಬಲ್‌ನಲ್ಲಿ ಒಂದೇ ಸ್ಕೀಮಾದ ಒಂದೇ ಹೆಸರು ಎರಡು ಸಲ ಬಂದಿದೆಯಾ ಅಂತ ಪ್ರತಿ ಬಿಡುಗಡೆಗೂ ಮುಂಚೆ ಎಣಿಸ್ತೀವಿ. ನೀವು ಇವತ್ತೇ ಎಣಿಸಿ ನೋಡಿ.

ಹಳೇದನ್ನ ಡ್ರಾಪ್ ಮಾಡಿ ಹೊಸದು ಕಟ್ಟೋದಾದರೆ ಇನ್ನೊಂದು ಗಮನದಲ್ಲಿರಲಿ: ಕೊಟ್ಟಿದ್ದ ಗ್ರಾಂಟ್‌ಗಳೆಲ್ಲ (ಓಡಿಸೋ ಅನುಮತಿಗಳು) ಅದರ ಜೊತೆಗೇ ಹೋಗುತ್ತವೆ, ಬೇರೆ ಏನೂ ಹೇಳದಿದ್ದರೆ ಹೊಸದನ್ನ ಓಡಿಸೋ ಹಕ್ಕು ಎಲ್ಲರಿಗೂ ಸಿಗುತ್ತೆ. ಹಕ್ಕು ಕಿತ್ತುಕೊಳ್ಳೋ ರಿವೋಕ್, ಹಕ್ಕು ಕೊಡೋ ಗ್ರಾಂಟ್ ಸಾಲುಗಳನ್ನ ಅದೇ ಫೈಲಿನ ಕೊನೆಗೆ ಬರೆದಿಡಿ.