ಗಬ್ಬದ ಆಡಿಗೆ ಪ್ರೊಪಿಲೀನ್ ಗ್ಲೈಕಾಲ್: ಮೂರು ವರ್ಷ ಬಳಸಿದ ಮೇಲೆ

ಪ್ರೊಪಿಲೀನ್ ಗ್ಲೈಕಾಲ್ ಎಂಬ, ಬಾಯಿಗೆ ಕುಡಿಸುವ ದ್ರವದ ಮೊದಲ ಬಾಟಲಿ ಕೊಂಡದ್ದು ಒಂದು ಆಡನ್ನು ಕಳೆದುಕೊಂಡ ಮೇಲೆ. ಬೀಟಲ್ ತಳಿ, ಎರಡನೇ ಸೂಲು, ಈಯಲು ಇನ್ನು ಹತ್ತು ದಿನವಿತ್ತು. ಬೆಳಗಿನ ಹಿಂಡಿಯನ್ನು ಮೂಸಿ ಬಿಟ್ಟಿತು. ಹೊಟ್ಟೆಯ ಭಾರಕ್ಕೆ ಹೀಗಾಗಿರಬೇಕೆಂದು ಸುಮ್ಮನಾದೆ. ಮೂರನೆಯ ದಿನ ಗೋಡೆಗೆ ಹಣೆಯೊತ್ತಿ ನಿಂತು ಹಲ್ಲು ಕಡಿಯುತ್ತಿತ್ತು. ಬಾಯಿಯ ಬಳಿ ಬಗ್ಗಿದರೆ ಉಗುರುಬಣ್ಣ ಅಳಿಸುವ ದ್ರವದಂಥ ವಾಸನೆ. ವೈದ್ಯರು ಬರುವ ಹೊತ್ತಿಗೆ ನೆಲ ಹಿಡಿದಿತ್ತು. ಹೊಟ್ಟೆಯಲ್ಲಿ ಮೂರು ಮರಿಗಳಿದ್ದವು.

ಆಡಿನ ಗಬ್ಬ ಸುಮಾರು 150 ದಿನ; ಮರಿಗಳು ಮೈ ತುಂಬಿಕೊಳ್ಳುವುದು ಹೆಚ್ಚಾಗಿ ಕೊನೆಯ ಆರು ವಾರಗಳಲ್ಲಿ. ಅವಳಿ, ತ್ರಿವಳಿಗಳಿದ್ದರೆ ಒಳಗಿನ ಜಾಗವನ್ನೆಲ್ಲ ಅವೇ ಹಿಡಿದು ತಾಯಿಗೆ ಮೇವು ಹಿಡಿಸುವುದಿಲ್ಲ. ಸಕ್ಕರೆ ಸಾಲದೆ ಮೈಯ ಕೊಬ್ಬು ಕರಗುತ್ತದೆ, ಯಕೃತ್ತಿಗೆ ಅದು ಮಿತಿಮೀರಿ, ಕೊಬ್ಬು ಒಡೆದು ಹುಟ್ಟುವ ಕೀಟೋನ್‌ಗಳು ರಕ್ತಕ್ಕೆ ಸೇರುತ್ತವೆ. ಪ್ರೊಪಿಲೀನ್ ಗ್ಲೈಕಾಲ್ ಯಕೃತ್ತಿನಲ್ಲಿ ಗ್ಲೂಕೋಸ್ ಆಗಿ ಮಾರ್ಪಡುತ್ತದೆ. ನಾವು ವಾಡಿಕೆಯಂತೆ ಕುಡಿಸುವ ಬೆಲ್ಲದ ನೀರಿನ ಬಹುಪಾಲನ್ನು ಮೆಲುಕು ಹೊಟ್ಟೆಯ ಸೂಕ್ಷ್ಮಾಣುಗಳೇ ತಿಂದುಬಿಡುತ್ತವೆ.

ಮೂರು ವರ್ಷಗಳಲ್ಲಿ ಐದು ಆಡುಗಳಿಗೆ ಕೊಟ್ಟಿದ್ದೇನೆ. ನಾಲ್ಕು ಚೇತರಿಸಿಕೊಂಡವು. ಆ ನಾಲ್ಕಕ್ಕೂ ಹಿಂಡಿ ಬಿಟ್ಟ ದಿನವೇ ಶುರು ಮಾಡಿದ್ದೆ: ವೈದ್ಯರು ಹೇಳಿದಂತೆ ಹೊತ್ತಿಗೆ 60 ಮಿಲಿಲೀಟರ್, ದಿನಕ್ಕೆ ಎರಡು ಹೊತ್ತು. ಎರಡು ಮೂರು ದಿನಗಳಲ್ಲಿ ಮತ್ತೆ ಗೋದಲಿಗೆ ಬಾಯಿ ಹಾಕಿದವು. ಐದನೆಯದು ಆಗಲೇ ಮಲಗಿಬಿಟ್ಟಿತ್ತು. ಅದಕ್ಕೆ ರಕ್ತನಾಳದ ಮೂಲಕ ಗ್ಲೂಕೋಸ್, ಕ್ಯಾಲ್ಸಿಯಂ ಕೊಟ್ಟು, ಶಸ್ತ್ರಕ್ರಿಯೆಯಿಂದ ಮರಿ ತೆಗೆಯಬೇಕಾಯಿತು. ಮಲಗಿದ ಆಡಿಗೆ ಈ ಬಾಟಲಿಯೊಂದನ್ನೇ ನಂಬಿ ಕೂರಬೇಡಿ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಬಾಟಲಿಯ ಮೇಲಿನ ಚೀಟಿಯ ವಿಷಯದಲ್ಲಿ. ಅದರಲ್ಲಿ ಹಸುವಿನ ಪ್ರಮಾಣ ಮಾತ್ರ ಇದೆ. ವೈದ್ಯರನ್ನು ಕೇಳುವ ಮೊದಲು, ಅಂಗಡಿಯವರು ಅಂದಾಜಿನ ಮೇಲೆ ಹೇಳಿದ 150 ಮಿಲಿಲೀಟರ್ ಅನ್ನು ಒಂದು ಆಡಿಗೆ ಒಮ್ಮೆಲೇ ಕುಡಿಸಿದ್ದೆ. ಆಡು ಮಂಕಾಗಿ, ಕಾಲು ತಡವರಿಸುತ್ತ ಅರ್ಧ ದಿನ ನಿಂತಿತ್ತು. ಆಡು ಸಾಕುವವರಿಗೆ ಮಾರುವ ಔಷಧಿಯ ಮೇಲೆ ಆಡಿನ ಲೆಕ್ಕ ಬರೆಯಲು ಎರಡು ಸಾಲು ಸಾಕಿತ್ತು. ‘ಹಾಲು ಹೆಚ್ಚುತ್ತದೆ’ ಎಂಬ ಮಾತೂ ಚೀಟಿಯಲ್ಲಿದೆ. ಅಳತೆ ಪಾತ್ರೆಯಲ್ಲಿ ನೋಡಿದ್ದೇನೆ, ನನ್ನ ಆಡುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇದರ ರುಚಿ ಆಡುಗಳಿಗೆ ಹಿಡಿಸುವುದಿಲ್ಲ, ತಾವಾಗಿ ಕುಡಿಯುವುದಿಲ್ಲ. ತಲೆಯನ್ನು ಮೇಲಕ್ಕೆತ್ತಿ ಸುರಿದರೆ ಶ್ವಾಸಕೋಶಕ್ಕೆ ಇಳಿಯಬಹುದು. ದವಡೆಯನ್ನು ನೆಲಕ್ಕೆ ಸಮವಾಗಿ ಹಿಡಿದು, ತುಟಿಯ ಮೂಲೆಯ ಹಲ್ಲಿಲ್ಲದ ಜಾಗದಲ್ಲಿ ಸಿರಿಂಜ್ ಇಟ್ಟು, ಗುಟುಕು ಇಳಿದದ್ದನ್ನು ಗಂಟಲಲ್ಲಿ ಕಂಡ ಮೇಲೆ ಮುಂದಿನದನ್ನು ಬಿಡುತ್ತೇನೆ. ಕೈಯೆಲ್ಲ ಅಂಟಂಟು.

ಇದರ ಜೊತೆಗೆ ತಂದಿದ್ದ ಬೈಪಾಸ್ ಕೊಬ್ಬಿನ (ಮೆಲುಕು ಹೊಟ್ಟೆಯಲ್ಲಿ ಕರಗದೆ ಮುಂದೆ ಸಾಗುವ ಕೊಬ್ಬಿನ) ಪುಡಿಯನ್ನು ಈಯುವ ಮೊದಲು ಕೊಡುವುದನ್ನು ನಿಲ್ಲಿಸಿದ್ದೇನೆ. ಕೊಬ್ಬು ಕರಗಿಯೇ ಕಷ್ಟಕ್ಕೆ ಬಿದ್ದ ಆಡಿಗೆ ಇನ್ನಷ್ಟು ಕೊಬ್ಬು ಬೇಕಿಲ್ಲ. ಆ ಹಣದಲ್ಲಿ ಖನಿಜ ಮಿಶ್ರಣ ತರುತ್ತೇನೆ. ಕೊನೆಯ ಆರು ವಾರ ಮೆಕ್ಕೆಜೋಳದ ನುಚ್ಚನ್ನು ದಿನಕ್ಕೊಂದು ಹಿಡಿಯಂತೆ ಶುರು ಮಾಡಿ ನಿಧಾನವಾಗಿ ಏರಿಸುತ್ತೇನೆ. ಒಮ್ಮೆಲೇ ಸುರಿದರೆ ಹೊಟ್ಟೆ ಹುಳಿಯೇರುತ್ತದೆ. ನುಗ್ಗೆ, ಅಗಸೆ ಸೊಪ್ಪು ಇದ್ದೇ ಇರುತ್ತದೆ. ಕಳೆದ ವರ್ಷ ಬಾಟಲಿ ತೆರೆದದ್ದು ಒಂದೇ ಆಡಿಗೆ.

ಈಗ ನಾಲ್ಕು ಆಡುಗಳು ಗಬ್ಬವಾಗಿವೆ. ಹೊಸ ಬಾಟಲಿ ತಂದು, ಚೀಟಿಯ ಮೇಲೆ ‘ಆಡು: 60’ ಎಂದು ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟಿಗೆಯ ಗೂಡಿನಲ್ಲಿಟ್ಟಿದ್ದೇನೆ.