ಮನೆಯಲ್ಲೇ ನಿದ್ದೆ ಸಿರಪ್ ಕುಡಿಸಿ ಕೂಸನ್ನು ಹಲ್ಲಿನ ದವಾಖಾನೆಗೆ ಕರೆದೊಯ್ಯಬೇಡಿ

ಗದಗ ಜಿಲ್ಲೆಯ ಒಂದು ಹಳ್ಳಿಯ ನಾಲ್ಕು ವರ್ಷದ ಹುಡುಗಿ, ತೂಕ 14 ಕಿಲೊ. ಕೆಳದವಡೆಯ ಎರಡೂ ಬದಿಗೆ ಹಾಲುಹಲ್ಲು ಹುಳುಕಾಗಿ, ಒಂದು ಬದಿಯ ಒಸಡಿನಲ್ಲಿ ಕೀವು ಕಟ್ಟಿತ್ತು. ಹಿಂದಿನ ಸಲ ಕುರ್ಚಿ ಹತ್ತಲಿಕ್ಕೇ ಒಪ್ಪಿರಲಿಲ್ಲ. ಈ ಸಲ ಹುಬ್ಬಳ್ಳಿಯ ದವಾಖಾನೆಯಿಂದ ಫೋನಿನಲ್ಲೇ ಉಪಾಯ ಬಂತು: "ಬರೂಮುಂದ ಮನ್ಯಾಗ ಏಳು ಎಂಎಲ್ ಕುಡಿಸಿಕೊಂಡು ಬರ್ರಿ. ಇಲ್ಲಿಗೆ ಬರೂದ್ರಾಗ ಮಕ್ಕೊಂಡಿರ್ತಾಳ."

ಔಷಧ ಟ್ರೈಕ್ಲೋಫಾಸ್ ಎಂಬ ನಿದ್ದೆ ಸಿರಪ್. ಬೆಳಿಗ್ಗೆ ಏಳಕ್ಕೆ ಅಡುಗೆಮನೆ ಚಮಚದಲ್ಲಿ ಅಳೆದು ಕುಡಿಸಿದರು. ಐದು ನಿಮಿಷಕ್ಕೆ ಕೂಸು ಅರ್ಧ ವಾಂತಿ ಮಾಡಿತು, ಮತ್ತೆ ಅಷ್ಟೇ ಕುಡಿಸಿದರು. ಹುಬ್ಬಳ್ಳಿ ಮುಟ್ಟಿದಾಗ ಮಲಗಿರಲಿಲ್ಲ, ಅರೆಮಂಪರಿನಲ್ಲಿ ಹಟ ಮಾಡುತ್ತಿತ್ತು. ಅಲ್ಲಿ ಮಿಡಾಜೊಲಾಮ್ ಎಂಬ ಇನ್ನೊಂದು ಮಂಪರಿನ ಔಷಧವನ್ನು ಜ್ಯೂಸಿನಲ್ಲಿ ಬೆರೆಸಿ ಕೊಟ್ಟರು. ಮಲಗಿದ್ದಾಳೆ, ಎರಡೂ ಬದಿ ಒಂದೇ ಸಲ ಮುಗಿಸೋಣ ಅಂತ ಎರಡೂ ಕಡೆ ಸೂಜಿ ಮಾಡಿದರು. ಕೆಲಸ ಮುಗಿದ ಅರ್ಧ ತಾಸಿಗೆ, ಅಪ್ಪನ ಹೆಗಲ ಮೇಲೆ ನಿದ್ದೆಯಲ್ಲಿದ್ದ ಕೂಸನ್ನು ಮನೆಗೆ ಕಳಿಸಿದರು. ಅಣ್ಣಿಗೇರಿ ಹತ್ತಿರ ಬರುವಾಗ ಅವ್ವ ಗಮನಿಸಿದ್ದು ಗೊರಕೆ ನಿಂತದ್ದನ್ನು. ತುಟಿ ನೀಲಿಯಾಗಿತ್ತು. ದಾರಿಯಲ್ಲಿ ಸಿಕ್ಕ ಆಸ್ಪತ್ರೆಯಲ್ಲಿ ಗದ್ದ ಎತ್ತಿ ಆಕ್ಸಿಜನ್ ಕೊಟ್ಟ ಮೇಲೆ ಬಣ್ಣ ಮರಳಿತು. ರಾತ್ರಿಯಿಡೀ ಅಲ್ಲೇ ಇಟ್ಟುಕೊಂಡು ಬೆಳಿಗ್ಗೆ ಮನೆಗೆ ಕಳಿಸಿದರು. ಹುಡುಗಿ ಈಗ ಆರಾಮ ಇದ್ದಾಳೆ.

"ಔಷಧ ಒಗ್ಗಲಿಲ್ಲ" ಅಂತ ಮನೆಯವರು ಹೇಳುತ್ತಾರೆ. ಮಕ್ಕಳ ದಂತ ಚಿಕಿತ್ಸೆ ಮತ್ತು ಅನಸ್ತೇಶಿಯಾ ಎರಡನ್ನೂ ಹತ್ತಿರದಿಂದ ಬಲ್ಲ ನಮಗೆ ಇದು ಒಗ್ಗದ ಕಥೆಯಲ್ಲ. ನಾಲ್ಕು ಕಡೆ ತಪ್ಪು ಕೂಡಿಕೊಂಡಿದೆ, ಒಂದೊಂದನ್ನೂ ತಪ್ಪಿಸಬಹುದಿತ್ತು.

ಮೊದಲನೆಯದು ಮನೆಯಲ್ಲಿ ಕೊಟ್ಟದ್ದು. ಟ್ರೈಕ್ಲೋಫಾಸ್ ಸಿರಪ್ 5 ಎಂಎಲ್‌ಗೆ 500 ಮಿಲಿಗ್ರಾಂ ಇರುತ್ತದೆ. ಕಿಲೊಗೆ 50 ಮಿಲಿಗ್ರಾಂ ಹಿಡಿದರೆ 14 ಕಿಲೊ ಕೂಸಿಗೆ 7 ಎಂಎಲ್, ಅಂದರೆ ಫೋನಿನಲ್ಲಿ ಹೇಳಿದ ಲೆಕ್ಕ ಸರಿಯೇ. ಆದರೆ ಅಡುಗೆಮನೆಯ ಚಮಚಗಳು ಒಂದರಂತೆ ಒಂದಿರುವುದಿಲ್ಲ, ವಾಂತಿಯಲ್ಲಿ ಎಷ್ಟು ಹೋಯಿತು, ಹೊಟ್ಟೆಯಲ್ಲಿ ಎಷ್ಟು ಉಳಿಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ವಾಂತಿಯಾದರೆ ಮತ್ತೊಂದು ಡೋಸ್ ಕೊಡುವುದಿಲ್ಲ, ಆ ದಿನದ ಚಿಕಿತ್ಸೆಯನ್ನೇ ಮುಂದೂಡಬೇಕು. ಈ ಔಷಧ ಹತ್ತಲು ಅರ್ಧದಿಂದ ಒಂದು ತಾಸು ಬೇಕು, ಇಳಿಯಲು ಹಲವು ತಾಸು. ಇದನ್ನು ತಿರುಗಿಸುವ ಪ್ರತಿಔಷಧವೇ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹಾಗೂ ಮಕ್ಕಳ ದಂತವೈದ್ಯರ ಅಕಾಡೆಮಿ ಕೂಡಿ 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಮಂಪರಿನ ಔಷಧವನ್ನು ಮನೆಯಲ್ಲಿ ಕೊಡಬಾರದು ಎನ್ನುತ್ತದೆ. ಕಾರಣ ಸರಳ: ದಾರಿಯಲ್ಲಿ ಉಸಿರು ಕಟ್ಟಿದರೆ ನೋಡುವವರು ಯಾರು? ನೆಗಡಿಗೆಂದು ಮೆಡಿಕಲ್‌ನಲ್ಲಿ ಕೇಳಿ ತರುವ ಪ್ರೊಮೆಥಜಿನ್ ಸಿರಪ್‌ಗೂ ಇದೇ ಮಾತು. ಎರಡು ವರ್ಷದೊಳಗಿನ ಕೂಸಿಗೆ ಅದನ್ನು ಕೊಡಲೇಬಾರದು, ಉಸಿರಾಟವನ್ನೇ ತಗ್ಗಿಸುತ್ತದೆ.

ಎರಡನೆಯದು ಒಂದರ ಮೇಲೊಂದು ಔಷಧ. ಮಿಡಾಜೊಲಾಮ್ ಒಂದೇ ಆಗಿದ್ದರೆ ಒಳ್ಳೆಯ ಔಷಧ. ಬಾಯಿಂದ ಕಿಲೊಗೆ 0.3ರಿಂದ 0.5 ಮಿಲಿಗ್ರಾಂ, 15ರಿಂದ 30 ನಿಮಿಷದಲ್ಲಿ ಹತ್ತುತ್ತದೆ, ಮುಕ್ಕಾಲು ತಾಸಿನ ಕೆಲಸಕ್ಕೆ ಸಾಕು. ಫ್ಲುಮಜೆನಿಲ್ ಎಂಬ ಪ್ರತಿಔಷಧವೂ ಇದೆ. ಟ್ರೈಕ್ಲೋಫಾಸ್ ಮೇಲೆ ಇದು ಬಿದ್ದರೆ ಎರಡರ ಮಂಪರೂ ಕೂಡಿಕೊಳ್ಳುತ್ತದೆ, ಆಗ ಫ್ಲುಮಜೆನಿಲ್ ಮಿಡಾಜೊಲಾಮ್‌ನ ಮಂಪರನ್ನಷ್ಟೇ ತಿರುಗಿಸುತ್ತದೆ. ಇಲ್ಲಿ ಇನ್ನೊಂದು ಅಪಾಯವೂ ಕಾದಿರುತ್ತದೆ. ನಮ್ಮಲ್ಲಿ ಜ್ಯೂಸಿಗೆ ಬೆರೆಸುವುದು ಹೆಚ್ಚಾಗಿ ಇಂಜೆಕ್ಷನ್ನಿನ ಔಷಧವನ್ನೇ. ಅದು ಎಂಎಲ್‌ಗೆ 1 ಮಿಲಿಗ್ರಾಂ ಇರುವುದೂ ಸಿಗುತ್ತದೆ, 5 ಮಿಲಿಗ್ರಾಂ ಇರುವುದೂ ಸಿಗುತ್ತದೆ. 14 ಕಿಲೊ ಕೂಸಿಗೆ 7 ಮಿಲಿಗ್ರಾಂ ಬೇಕಾದರೆ ಮೊದಲನೆಯದರಲ್ಲಿ 7 ಎಂಎಲ್, ಎರಡನೆಯದರಲ್ಲಿ 1.4 ಎಂಎಲ್. ಲೇಬಲ್ ಓದದೆ ಎಳೆದರೆ ಡೋಸ್ ಐದು ಪಟ್ಟು ಆಗುತ್ತದೆ. ಕೆಲವು ಮಕ್ಕಳಲ್ಲಿ ಮಿಡಾಜೊಲಾಮ್ ಉಲ್ಟಾ ಹೊಡೆದು, ಮಲಗುವ ಬದಲು ಅತ್ತು, ಕೈಕಾಲು ಬಡಿದು ರಂಪ ಮಾಡುತ್ತಾರೆ. ಅದನ್ನು "ಡೋಸ್ ಸಾಲಲಿಲ್ಲ" ಅಂತ ತಿಳಿದು ಇನ್ನಷ್ಟು ಸುರಿದರೆ ಬಿಗಡಾಯಿಸುತ್ತದೆ.

ಮೂರನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಒಸಡಿಗೆ ಮಾಡುವ ಮರಗಟ್ಟಿಸುವ ಸೂಜಿ. ಎರಡು ಪರ್ಸೆಂಟ್ ಲಿಗ್ನೊಕೇನ್ ಅಂದರೆ ಎಂಎಲ್‌ಗೆ 20 ಮಿಲಿಗ್ರಾಂ. ಮಕ್ಕಳಲ್ಲಿ ಕಿಲೊಗೆ 4.4 ಮಿಲಿಗ್ರಾಂ ಮೀರಬಾರದೆಂಬುದು ಮಕ್ಕಳ ದಂತವೈದ್ಯರ ಲೆಕ್ಕ. 14 ಕಿಲೊಗೆ ಸುಮಾರು 61 ಮಿಲಿಗ್ರಾಂ, ಅಂದರೆ ಬರೀ 3 ಎಂಎಲ್. ನಮ್ಮ ಕಡೆ 30 ಎಂಎಲ್ ಬಾಟಲಿಯಿಂದ 2 ಎಂಎಲ್ ಸಿರಿಂಜಿನಲ್ಲಿ ಎಳೆದು ಎಳೆದು ಚುಚ್ಚುವುದು ರೂಢಿ. ಎರಡು ಸಿರಿಂಜ್ ತುಂಬಾ ಹೋದರೆ 80 ಮಿಲಿಗ್ರಾಂ ಆಯಿತು, ಗಡಿ ದಾಟಿತು. ಲಿಗ್ನೊಕೇನ್ ಹೆಚ್ಚಾದರೆ ಮೊದಲು ಮಂಪರು, ಆಮೇಲೆ ಫಿಟ್ಸ್. ಮಲಗಿರುವ ಕೂಸಿನಲ್ಲಿ ಆ ಮೊದಲ ಸೂಚನೆ ಕಾಣುವುದೇ ಇಲ್ಲ. ಮಲಗಿದೆ ಅಂತ ನಾಲ್ಕೂ ಮೂಲೆಯ ಹಲ್ಲು ಒಂದೇ ದಿನ ಮುಗಿಸುವ ಆಸೆ ಇಲ್ಲೇ ದುಬಾರಿಯಾಗುವುದು.

ನಾಲ್ಕನೆಯದೇ ಅತಿ ಕೆಟ್ಟದ್ದು: ನಿದ್ದೆಯಲ್ಲಿದ್ದ ಕೂಸನ್ನು ಮನೆಗೆ ಕಳಿಸಿದ್ದು. ಡ್ರಿಲ್ಲಿನ ಸದ್ದು, ನೀರು, ಕೈಯಾಡಿಸುವಿಕೆ ಇರುವತನಕ ಕೂಸು ಅಷ್ಟಿಷ್ಟು ಎಚ್ಚರದಲ್ಲಿರುತ್ತದೆ. ಅವೆಲ್ಲ ನಿಂತ ಕೂಡಲೇ, ರಕ್ತದಲ್ಲಿ ಔಷಧ ಅಷ್ಟೇ ಇದ್ದರೂ ನಿದ್ದೆ ಇನ್ನೂ ಆಳಕ್ಕೆ ಇಳಿಯುತ್ತದೆ. ಕಾರಿನ ಸೀಟಿನಲ್ಲಿ ಕೂಸಿನ ದೊಡ್ಡ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ಒತ್ತುತ್ತದೆ, ನಾಲಿಗೆ ಹಿಂದೆ ಜಾರಿ ಗಂಟಲು ಮುಚ್ಚುತ್ತದೆ. ತೂಕಕ್ಕೆ ಹೋಲಿಸಿದರೆ ಕೂಸು ದೊಡ್ಡವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಆಕ್ಸಿಜನ್ ಬಳಸುತ್ತದೆ, ಪುಪ್ಪುಸದಲ್ಲಿನ ದಾಸ್ತಾನು ಕಡಿಮೆ. ಉಸಿರು ಕಟ್ಟಿದರೆ ಬಹಳ ಬೇಗ ನೀಲಿಯಾಗುತ್ತದೆ. ಗೊರಕೆ ನಿಂತಿತು ಅಂತ ಸಮಾಧಾನ ಪಡುವ ಹಾಗಿಲ್ಲ, ಗಾಳಿಯೇ ನಿಂತಿರಬಹುದು.

ಮನೆಗೆ ಬಿಡುವ ಮುಂಚೆ ಮಾಡುವ ಪರೀಕ್ಷೆ ಬಹಳ ಸುಲಭ. ಗದ್ದಲವಿಲ್ಲದ ಕೋಣೆಯಲ್ಲಿ, ಯಾರೂ ಮಾತಾಡಿಸದೆ, ಅಲುಗಿಸದೆ, ಕೂಸು ತಾನಾಗಿಯೇ 20 ನಿಮಿಷ ಎಚ್ಚರವಾಗಿರಬೇಕು. ಕರೆದರೆ ಕಣ್ಣು ತೆರೆದು ಮತ್ತೆ ನಿದ್ದೆಗೆ ಜಾರಿದರೆ ಅದು ಪಾಸಲ್ಲ. ಟ್ರೈಕ್ಲೋಫಾಸ್‌ನಂಥ ತಡವಾಗಿ ಇಳಿಯುವ ಔಷಧ ಕೊಟ್ಟಿದ್ದರೆ ಇನ್ನೂ ಹೆಚ್ಚು ಹೊತ್ತು ಕಾಯಬೇಕು. ಫ್ಲುಮಜೆನಿಲ್ ಕೊಟ್ಟು ಎಬ್ಬಿಸಿದ್ದರೆ ಮತ್ತೆ ಎರಡು ತಾಸು ಅಲ್ಲೇ ಇರಬೇಕು, ಏಕೆಂದರೆ ಅದು ಮಿಡಾಜೊಲಾಮ್‌ಗಿಂತ ಮೊದಲೇ ಇಳಿದು ಕೂಸು ಮತ್ತೆ ಮಲಗಬಹುದು. ಕೊನೆಯ ಬಸ್ ತಪ್ಪುತ್ತದೆ ಅಂತ ದವಾಖಾನೆಯವರನ್ನು ಅವಸರ ಮಾಡಬೇಡಿ. ದೂರದ ಊರಿನವರು ಬೆಳಗಿನ ಮೊದಲ ಸಮಯವನ್ನೇ ಕೇಳಿ ಪಡೆಯಿರಿ.

ಹಾಗಾದರೆ ದಾರಿ ಏನು? ಮೊದಲು ಮಂಪರು ಬೇಕೇ ಬೇಕೇ ಅಂತ ಕೇಳಿ. ಹಿಂದಿನ ಹಾಲುದವಡೆಹಲ್ಲು ಒಂಬತ್ತರಿಂದ ಹನ್ನೆರಡು ವಯಸ್ಸಿನೊಳಗೆ ಹೇಗೂ ಬೀಳುತ್ತದೆ. ಕೀವಿಲ್ಲದ ಹುಳುಕಿಗೆ 38 ಪರ್ಸೆಂಟ್ ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚಿ ತಡೆಯಬಹುದು. ಸೂಜಿ ಇಲ್ಲ, ಡ್ರಿಲ್ ಇಲ್ಲ, ಆದರೆ ಹುಳುಕಿದ ಜಾಗ ಖಾಯಂ ಕಪ್ಪಾಗುತ್ತದೆ. ಹಾಲ್ ವಿಧಾನದಲ್ಲಿ ಹುಳುಕಿನ ಮೇಲೆ ನೇರವಾಗಿ ಸ್ಟೀಲ್ ಕ್ಯಾಪ್ ಕೂಡಿಸುತ್ತಾರೆ, ಅದಕ್ಕೂ ಸೂಜಿ ಬೇಡ. ಇವೆರಡನ್ನೂ ಹೇಳದೆ ಸೀದಾ ನಿದ್ದೆ ಔಷಧಕ್ಕೆ ಹೋಗುವ ದವಾಖಾನೆ ಅವಸರದಲ್ಲಿದೆ ಅಂತಲೇ ನಮ್ಮ ತಿಳಿವಳಿಕೆ.

ಅಂಜಿಕೆ ಇದ್ದರೂ ಮಾತು ಕೇಳುವ, ಐದಾರು ವರ್ಷ ದಾಟಿದ ಮಕ್ಕಳಿಗೆ ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲ, ಎಲ್ಲಕ್ಕಿಂತ ಹಗುರ. ಮೂಗಿನ ಮೇಲೆ ಪುಟ್ಟ ಮಾಸ್ಕ್ ಇಟ್ಟು ಮೊದಲು ಬರೀ ಆಕ್ಸಿಜನ್ ಕೊಡುತ್ತಾರೆ, ಆಮೇಲೆ ನೈಟ್ರಸ್ ಅನ್ನು ಹತ್ತು ಹತ್ತು ಪರ್ಸೆಂಟ್ ಏರಿಸುತ್ತ ಹೋಗುತ್ತಾರೆ, ಸಾಮಾನ್ಯವಾಗಿ 30ರಿಂದ 50ರೊಳಗೆ ಕೆಲಸವಾಗುತ್ತದೆ. ಕೂಸು ಮಲಗುವುದಿಲ್ಲ, ಮಾತಾಡುತ್ತಿರುತ್ತದೆ. ಮುಗಿದ ಮೇಲೆ ಕನಿಷ್ಠ ಐದು ನಿಮಿಷ ಶುದ್ಧ ಆಕ್ಸಿಜನ್ ಕೊಟ್ಟೇ ಮಾಸ್ಕ್ ತೆಗೆಯಬೇಕು. ಮೂಗು ಕಟ್ಟಿದ, ಬಾಯಿ ತೆರೆದು ಅಳುವ ಕೂಸಿಗೆ ಇದು ತಾಗುವುದೇ ಇಲ್ಲ. ಕಿವಿ ಸೋಂಕು ಇದ್ದರೂ ಬೇಡ, ಕಿವಿಯೊಳಗೆ ಒತ್ತಡ ಏರುತ್ತದೆ.

ಹತ್ತು ಹಲ್ಲು ಹುಳುಕಿರುವ ಮೂರು ವರ್ಷದ ಕೂಸಿಗೆ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಅನಸ್ತೇಶಿಯಾ ಕೊಟ್ಟು ಒಂದೇ ಸಲ ಮುಗಿಸುವುದು ಎಷ್ಟೋ ಮೇಲು. ಇಲ್ಲಿ ಜನರ ಅಂಜಿಕೆ ತಿರುಗುಮುರುಗು. "ಪೂರ್ತಿ ಅನಸ್ತೇಶಿಯಾ ಬ್ಯಾಡ್ರಿ ಡಾಕ್ಟ್ರ, ಸ್ವಲ್ಪ ಸಿರಪ್ ಕೊಟ್ಟು ಮಾಡ್ರಿ" ಅನ್ನುತ್ತಾರೆ. ಥಿಯೇಟರಿನಲ್ಲಿ ಉಸಿರಿನ ನಳಿಕೆ ಮೂಗಿನ ಮೂಲಕ ಇಳಿಸಿರುತ್ತಾರೆ, ಅರಿವಳಿಕೆ ತಜ್ಞರು ತಲೆದಿಂಬಿನ ಹತ್ತಿರದಿಂದ ಕದಲುವುದಿಲ್ಲ. ಸಿರಪ್ ಕುಡಿದ ಕೂಸಿನ ಉಸಿರಿಗೆ ಅಂಥ ಕಾವಲೇ ಇರುವುದಿಲ್ಲ. ಧಾರವಾಡ ಸತ್ತೂರಿನ ಎಸ್‌ಡಿಎಂನಲ್ಲಿ ದಂತ ಕಾಲೇಜು ಮತ್ತು ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಒಂದೇ ಆವರಣದಲ್ಲಿವೆ. ಮಕ್ಕಳ ದಂತ ವಿಭಾಗ ಮತ್ತು ಅನಸ್ತೇಶಿಯಾ ವಿಭಾಗ ಎರಡೂ ಇರುವ ಇಂಥ ಜಾಗದಲ್ಲಿ ಮೊದಲು ವಿಚಾರಿಸಿ.

ಖಾಸಗಿ ದವಾಖಾನೆಯಲ್ಲೇ ಮಾಡಿಸುವುದಾದರೆ ಕೇಳಲು ಸಂಕೋಚ ಬೇಡ. ಹಲ್ಲಿನ ಕೆಲಸ ಮಾಡುವವರನ್ನು ಬಿಟ್ಟು, ಕೂಸಿನ ಉಸಿರನ್ನಷ್ಟೇ ನೋಡಲು ಬೇರೆ ತರಬೇತಾದವರು ಯಾರಿದ್ದಾರೆ? ಅರಿವಳಿಕೆ ತಜ್ಞರು ಕೂಸು ಏಳುವತನಕ ಇರುತ್ತಾರೋ, ಮುಂದಿನ ಕೇಸಿಗೆ ಬೇರೆ ಆಸ್ಪತ್ರೆಗೆ ಓಡುತ್ತಾರೋ? ಬಾಯಿಯ ಜೊಲ್ಲು, ವಾಂತಿ ಎಳೆಯುವ ಸಕ್ಷನ್, ತುಂಬಿದ ಆಕ್ಸಿಜನ್ ಸಿಲಿಂಡರ್, ಕೂಸಿನ ಅಳತೆಯ ಮಾಸ್ಕ್ ಮತ್ತು ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಕಣ್ಣೆದುರು ಇವೆಯೇ? ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ, ರಕ್ತದ ಆಕ್ಸಿಜನ್ ಅಳೆಯುವ ಬೆರಳಿನ ಕ್ಲಿಪ್ ದೊಡ್ಡವರ ಬೆರಳಿನದು, ಕೂಸಿನ ಸಣ್ಣ ಬೆರಳಿಗೆ ಅದು ತಪ್ಪು ಅಂಕಿ ತೋರಿಸುತ್ತದೆ. ಮಕ್ಕಳ ಪ್ರೋಬ್ ಬೇಕು. ಮೂಗಿಗೆ ಆಕ್ಸಿಜನ್ ಹಚ್ಚಿದ್ದರೆ, ಉಸಿರು ಕಡಿಮೆಯಾದರೂ ಸ್ವಲ್ಪ ಹೊತ್ತು 98, 99 ಅಂತಲೇ ತೋರಿಸುತ್ತಿರುತ್ತದೆ. ಉಸಿರು ನಿಂತದ್ದನ್ನು ಮೊದಲು ಹೇಳುವುದು, ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಯಂತ್ರ. ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಗೋಡೆಯ ಮೇಲೆ ಇರಲೇಬೇಕು, ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಕೇಳಿ.

ನಿಮ್ಮ ಕಡೆಯಿಂದ ಮುಚ್ಚಿಡಬಾರದ ಸಂಗತಿ ಎರಡು. ರಾತ್ರಿ ಗೊರಕೆ ಹೊಡೆಯುವ, ಟಾನ್ಸಿಲ್ ದೊಡ್ಡದಿರುವ ಕೂಸಿಗೆ ದವಾಖಾನೆಯ ಮಂಪರು ಬೇಡವೇ ಬೇಡ. ಕೆಮ್ಮು, ನೆಗಡಿ, ಜ್ವರ ಬಂದಿದ್ದರೆ ಎರಡರಿಂದ ನಾಲ್ಕು ವಾರ ಮುಂದೂಡಿ. ಇನ್ನು ಉಪವಾಸ. ನೀರು ಎರಡು ತಾಸು ಮುಂಚಿನವರೆಗೆ, ತಾಯಿ ಹಾಲು ನಾಲ್ಕು ತಾಸು, ದನದ ಹಾಲು ಮತ್ತು ಹಗುರ ತಿಂಡಿ ಆರು ತಾಸು, ಎಣ್ಣೆ ತಿನಿಸು ಎಂಟು ತಾಸು. ಹಾಲು ಹಾಕಿದ ಚಹಾ ಹಾಲಿನ ಲೆಕ್ಕಕ್ಕೇ ಬರುತ್ತದೆ. "ಕೂಸು ಹಸದೈತಿ" ಅಂತ ಅಜ್ಜಿ ಕದ್ದು ತಿನಿಸುವ ಒಂದು ಬಿಸ್ಕಿಟ್ ವಾಂತಿಯಾಗಿ ಪುಪ್ಪುಸಕ್ಕೆ ಇಳಿದರೆ ನ್ಯುಮೋನಿಯಾ. ತಿನಿಸಿದ್ದರೆ ಹೇಳಿಬಿಡಿ, ಬೇರೆ ದಿನ ಬಂದರಾಯಿತು.

ಮರಳುವಾಗ ಬೈಕ್ ಬೇಡ, ಟಾಕಿ ಮೇಲೆ ಕೂಡಿಸಿಕೊಳ್ಳುವುದಂತೂ ಬೇಡ. ಗಾಡಿ ಓಡಿಸಲು ಒಬ್ಬರು, ಹಿಂದೆ ಕೂಸಿನ ಮುಖ ಮತ್ತು ಎದೆ ನೋಡುತ್ತ ಇನ್ನೊಬ್ಬರು. ಕೊಟ್ಟ ಔಷಧದ ಹೆಸರು, ಪ್ರಮಾಣ, ಸಮಯ ಚೀಟಿಯಲ್ಲಿ ಬರೆಸಿಕೊಳ್ಳಿ, ನಡುದಾರಿಯ ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಅದನ್ನೇ. ಕೂಸು ನಿದ್ದೆ ಹೋದರೆ ಗದ್ದ ಮೇಲೆತ್ತಿ ಹಿಡಿಯಿರಿ. ಕರೆದರೂ ಏಳದಿದ್ದರೆ, ಉಸಿರಿಗೆ ಪಕ್ಕೆ ಒಳಸರಿದರೆ ಅಥವಾ ತುಟಿಯ ಬಣ್ಣ ಬದಲಾದರೆ ಗಾಡಿ ನಿಲ್ಲಿಸಿ, ಮಲಗಿಸಿ ಗದ್ದ ಎತ್ತಿ 108ಕ್ಕೆ ಕರೆ ಮಾಡಿ. ಉಸಿರೇ ಇಲ್ಲದಿದ್ದರೆ ಬಾಯಿಗೆ ಬಾಯಿ ಹಚ್ಚಿ ಊದಿ. ಮನೆಗೆ ಬಂದ ಮೇಲೆ ಮೊದಲು ಗುಟುಕು ನೀರು, ವಾಂತಿಯಾಗದಿದ್ದರೆ ತೆಳ್ಳನೆಯ ಗಂಜಿ. ತುಟಿಯ ಜೋಮು ಎರಡರಿಂದ ನಾಲ್ಕು ತಾಸು ಇರುತ್ತದೆ. ಅದು ಇಳಿಯುವತನಕ ರೊಟ್ಟಿ, ಚುರಮುರಿ ಏನೂ ಬೇಡ, ಮಕ್ಕಳು ತುಟಿಯನ್ನೇ ಅಗಿದು ಹುಣ್ಣು ಮಾಡಿಕೊಳ್ಳುತ್ತಾರೆ.